ಆಕೃತಿಗೆ ಮರಳುವುದು ಸೋಲಲ್ಲ

ಮಾನ್ಯರೇ,

ಅಮೂರ್ತ ಚಿತ್ರ, ಅಂದರೆ ಗುರುತು ಹಿಡಿಯುವ ವಸ್ತುಗಳಿಲ್ಲದ ಬರೀ ಬಣ್ಣ-ಗೆರೆಗಳ ಚಿತ್ರ, ಬಿಟ್ಟು ಮತ್ತೆ ಮನುಷ್ಯರ ಚಿತ್ರ ಬಿಡಿಸಲು ಹೊರಟ ಕಲಾವಿದ ಹಿಂದಕ್ಕೆ ಹೋದ ಅಂತ ಹಲವರು ಸುಮ್ನೆ ತೀರ್ಮಾನಿಸಿಬಿಡುತ್ತಾರೆ. ಅಮೆರಿಕದ ಚಿತ್ರಕಾರ ರಿಚರ್ಡ್ ಡೀಬೆನ್‌ಕಾರ್ನ್ ಅವರನ್ನೇ ನೋಡಿ. ಅಮೂರ್ತದಲ್ಲಿ ಹೆಸರು ಮಾಡಿದ್ದಾಗಲೇ, 1955ರಲ್ಲಿ, ಕಿಟಕಿ, ಕುರ್ಚಿ, ಕೂತ ಹೆಂಗಸಿನ ಚಿತ್ರಗಳತ್ತ ತಿರುಗಿದರು. 1967ರಲ್ಲಿ ಮತ್ತೆ ಅಮೂರ್ತ. ‘ಓಷನ್ ಪಾರ್ಕ್’ ಸರಣಿ ಶುರುವಾಯಿತು. ಆ ಚಿತ್ರಗಳನ್ನು ಹತ್ತಿರದಿಂದ ನೋಡಬೇಕು. ತೆಳು ಬಣ್ಣದ ಅಡಿಯಲ್ಲಿ ಅಳಿಸಿದ ಇದ್ದಿಲ ಗೆರೆ ಇನ್ನೂ ಇಣುಕುತ್ತದೆ. ತಿದ್ದಿದ್ದನ್ನು ಅವರು ಮುಚ್ಚಿಡಲಿಲ್ಲ. ನನಗಂತೂ ಅವುಗಳ ಉದ್ದ ಬಣ್ಣದ ಪಟ್ಟಿಗಳಲ್ಲಿ ಹಳೆಯ ಕಿಟಕಿಯ ಚೌಕಟ್ಟೇ ಕಾಣುತ್ತದೆ. ನಡುವಿನ 12 ವರ್ಷ ಇಲ್ಲದಿದ್ದರೆ ಈ ಚಿತ್ರಗಳಿಗೆ ಇಂಥ ಬೆಳಕು ಬರುತ್ತಿತ್ತಾ? ವಿಮರ್ಶಕರು ದಯವಿಟ್ಟು ಎರಡೂ ಬಗೆಯ ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿ ಬರೆಯಲಿ.

– ಒಬ್ಬ ಓದುಗ