ಮನೆ ಇಲ್ಲಿ, ವೋಟು ಊರಲ್ಲಿ

ಮಾನ್ಯ ಸಂಪಾದಕರೇ,

2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ, ಹತ್ತು ಲಕ್ಷಕ್ಕಿಂತ ಜಾಸ್ತಿ ಜನರಿರುವ ನಗರಗಳ ಪೈಕಿ ಬೆಂಗಳೂರಿಗೇ ಮೊದಲ ಸ್ಥಾನ. ಆ ಲೆಕ್ಕದಲ್ಲಿ ಶೇ 30ರಷ್ಟು ತೂಕ ಜನರ ಅಭಿಪ್ರಾಯಕ್ಕಿತ್ತು. ಖುಷಿಯ ವಿಷಯ. ಆದರೆ ನಮ್ಮ ಹೊರಮಾವಿನ ಕಡೆ ಬಂದು 'ರಿಟೈರ್ ಆದಮೇಲೂ ಇಲ್ಲೇ ಇರ್ತೀರಾ?' ಎಂದು ಕೇಳಿ ನೋಡಿ. 'ಮಕ್ಕಳ ಓದು ಮುಗೀಲಿ, ಆಮೇಲೆ ನೋಡೋಣ' ಎನ್ನುವವರೇ ಹೆಚ್ಚು.

ಇವರೇನು ಬಾಡಿಗೆದಾರರಲ್ಲ. ಸಾಲ ಮಾಡಿ ಸೈಟು ಕೊಂಡು ಮನೆ ಕಟ್ಟಿದವರು. ಸಂಬಳದ ಬಗ್ಗೆ, ಮಕ್ಕಳ ಕಾಲೇಜಿನ ಬಗ್ಗೆ, ಹವೆಯ ಬಗ್ಗೆ ಯಾರದೂ ತಕರಾರಿಲ್ಲ. ದುಡಿಯಲು ಬೆಂಗಳೂರು ಸರಿ, ಬಾಳಲು ಅಲ್ಲ ಎನ್ನುತ್ತಾರೆ. ಹಾಗೆನ್ನಿಸುವುದು ಸಣ್ಣಪುಟ್ಟ ಸಂಗತಿಗಳೇ. 2024ರ ಬೇಸಿಗೆಯಲ್ಲಿ ಬೆಳಗಿನ ಜಾವಕ್ಕೇ ಎದ್ದು ಟ್ಯಾಂಕರಿನವನಿಗೆ ಫೋನ್ ಹಚ್ಚಿ, ಅವನು ಹೇಳಿದ ರೇಟಿಗೆ ಹ್ಞೂಂ ಅಂದು, ಸಂಪು ತುಂಬುವವರೆಗೆ ಗೇಟಿನ ಹತ್ತಿರ ನಿಂತವರು ಅದನ್ನು ಮರೆತಿಲ್ಲ. ವಯಸ್ಸಾದ ಅಮ್ಮನನ್ನು ಊರಿಂದ ಕರೆತಂದರೆ, ಸಂಜೆ ನಾಲ್ಕು ಹೆಜ್ಜೆ ನಡೆಯಲು ಫುಟ್‌ಪಾತ್ ಇಲ್ಲ. ಇದ್ದರೂ ಅದರ ಮೇಲೆ ಬೈಕು. ವಾರ ಕಳೆಯುವುದರೊಳಗೆ 'ನನ್ನನ್ನು ಊರಿಗೆ ಬಿಟ್ಟು ಬಾರಪ್ಪ' ಎನ್ನುತ್ತಾರೆ. ಅಮ್ಮನ ಜೊತೆಗೇ ಮಗನ ಮನಸ್ಸೂ ಅರ್ಧ ಊರಿಗೆ ಹೋಗಿರುತ್ತದೆ.

ಹೀಗೆ ಒಂದು ಕಾಲು ಊರಲ್ಲೇ ಇಟ್ಟವರು ವೋಟರ್ ಕಾರ್ಡನ್ನೂ ಅಲ್ಲೇ ಇಟ್ಟಿರುತ್ತಾರೆ. ರೇಷನ್ ಕಾರ್ಡ್ ಕೂಡ. ಚುನಾವಣೆ ಬಂದರೆ ಮೆಜೆಸ್ಟಿಕ್ಕಿನಲ್ಲಿ ಹಾಸನ, ದಾವಣಗೆರೆ ಬಸ್ಸುಗಳಿಗೆ ನೂಕುನುಗ್ಗಲು. ಬೆಂಗಳೂರಿನಲ್ಲಿ ಮತದಾನ ಕಡಿಮೆ ಎಂದು ಪ್ರತಿ ಸಲ ಬೈಯುತ್ತೇವೆ. ಸೋಮಾರಿತನ ಇಲ್ಲವೇ ಇಲ್ಲ ಎನ್ನುವುದಿಲ್ಲ, ಆದರೆ ಇಲ್ಲೇ ಇರುತ್ತೇನೆಂಬ ನಂಬಿಕೆ ಇಲ್ಲದವರು ಇಲ್ಲಿನ ಪಟ್ಟಿಗೆ ಯಾಕೆ ಹೆಸರು ಸೇರಿಸ್ತಾರೆ, ಅಲ್ವಾ?

ಸೇರಿಸಿದವರಿಗಾದರೂ ಏನು ಸಿಕ್ಕಿತು? 2015ರಲ್ಲಿ ಆರಿಸಿ ಬಂದ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ನಡುವಿನ ಐದು ವರ್ಷದಲ್ಲಿ ವಾರ್ಡ್ ಚುನಾವಣೆ ಆಗಲೇ ಇಲ್ಲ. ಬೀದಿದೀಪ ಕೆಟ್ಟರೆ, ಚರಂಡಿ ಕಟ್ಟಿಕೊಂಡರೆ ಹಿಡಿದು ಕೇಳಲು ನಮ್ಮವರು ಅಂತ ಒಬ್ಬರೂ ಇರಲಿಲ್ಲ. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಅರ್ಜಿ ಅಲ್ಲೇ ಉಳಿಯುತ್ತದೆ.

ಏನೂ ಆಗಿಲ್ಲ ಎಂದರೆ ತಪ್ಪಾಗುತ್ತದೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದೇ 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಐದನೇ ಹಂತ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಹದಿನೇಳು ವರ್ಷ ತಡವಾದರೂ ಬಂತಲ್ಲ. ಸುರಂಗ ರಸ್ತೆಯ ಬಗ್ಗೆ ದಿನಾ ಸುದ್ದಿಗೋಷ್ಠಿ ಮಾಡುವವರು ಇಂಥ ಕೆಲಸಕ್ಕೆ ಅದರ ಅರ್ಧ ಉತ್ಸಾಹ ತೋರಿಸಿದರೂ ಸಾಕು.

ಐದೂ ಪಾಲಿಕೆಗಳಿಗೆ ಕಾಲಕಾಲಕ್ಕೆ ಚುನಾವಣೆ ನಡೆಯಲಿ, ಯಾವ ನೆಪಕ್ಕೂ ಮುಂದೂಡುವುದು ಬೇಡ. ಜೊತೆಗೆ, ಮನೆಯ ಆಸ್ತಿ ದಾಖಲೆಯಾದ ಇ-ಖಾತಾ ಕೊಡುವಾಗಲೇ ಮತದಾರರ ಪಟ್ಟಿಯ ಅರ್ಜಿಯನ್ನೂ ಮನೆಯವರ ಕೈಗೆ ಕೊಡಲಿ. ಮನೆ ಇಲ್ಲಿದೆ ಎಂದು ಬರೆದುಕೊಡುವ ಹೊತ್ತಿನಲ್ಲೇ ಕೇಳಿದರೆ ಎಷ್ಟೋ ಜನ ವೋಟನ್ನೂ ಇಲ್ಲಿಗೆ ತಂದಾರು.

– ಒಬ್ಬ ಓದುಗ, ಹೊರಮಾವು, ಬೆಂಗಳೂರು