ಮನೆಮಾತು ಎಂಬ ಕಾಲಂ

ಹೋದ ತಿಂಗಳು ನಮ್ಮ ಕನ್ನಡ ಸಂಘಕ್ಕೆ ಸದಸ್ಯತ್ವದ ಅರ್ಜಿಯೊಂದು ಬಂತು. ಹೆಸರು, ವಿಳಾಸ, ಮಕ್ಕಳೆಷ್ಟು ಎಲ್ಲವೂ ದುಂಡಗಿನ ಕನ್ನಡ ಅಕ್ಷರದಲ್ಲಿ. ಊರು ಎಂಬಲ್ಲಿ ‘ಉಪ್ಪಳ, ಕಾಸರಗೋಡು’. ಮನೆಮಾತು ಎಂಬಲ್ಲಿ ‘ಬ್ಯಾರಿ’, ಕರಾವಳಿಯ ಮುಸ್ಲಿಮರ ಒಂದು ಮಾತು. ಸಮಿತಿಯ ಸಭೆಯಲ್ಲಿ ಅದನ್ನು ಓದಿದ ಹಿರಿಯರೊಬ್ಬರು ಕೇಳಿದರು: “ಕೇರಳದವರು, ಮುಸ್ಲಿಮರು, ಮನೆಮಾತು ಬೇರೆ. ಮಲಯಾಳಿ ಸಂಘ ಬಿಟ್ಟು ನಮ್ಮಲ್ಲಿಗೆ ಯಾಕೆ ಬಂದ್ರು?”

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅವರು ತುಮಕೂರು ಕಡೆಯವರು. ಅವರಿಗೆ ಕಾಸರಗೋಡು ಅಂದರೆ ರೈಲಿನಲ್ಲಿ ನಿದ್ದೆಗಣ್ಣಲ್ಲಿ ದಾಟಿದ ಒಂದು ಸ್ಟೇಷನ್. ನಾನು ಅದೇ ಕಾಸರಗೋಡಿನ ಕುಂಬಳೆಯವನು. ನನ್ನ ಮನೆಯಲ್ಲಿ ಮಾತು ತುಳು. ಈ ಗಲ್ಫ್ ಊರಿಗೆ ಬಂದು ಹದಿನಾರು ವರ್ಷ ಆಯಿತು, ಬಂದ ವರ್ಷವೇ ಸಂಘ ಸೇರಿದೆ. ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ರಾತ್ರಿ ಮನೆಗೆ ಬಂದು 2011ರ ಜನಗಣತಿಯ ಲೆಕ್ಕ ತೆಗೆದು ಕೂತೆ. ಕೇರಳದ ಒಟ್ಟು ಜನ 3.34 ಕೋಟಿ. ಹಿಂದೂಗಳು ಶೇ. 54.73, ಮುಸ್ಲಿಮರು ಶೇ. 26.56, ಕ್ರೈಸ್ತರು ಶೇ. 18.38. ಕಾಸರಗೋಡು ಜಿಲ್ಲೆಗೆ ಬಂದರೆ 13.07 ಲಕ್ಷ ಜನ. ಹಿಂದೂಗಳು ಶೇ. 55.84, ಹೆಚ್ಚುಕಮ್ಮಿ ರಾಜ್ಯದಷ್ಟೇ. ಮುಸ್ಲಿಮರು ಶೇ. 37.24. ಕ್ರೈಸ್ತರು ಬರೀ ಶೇ. 6.68. ಕೋಟ್ಟಯಂನಲ್ಲಿ ಕ್ರೈಸ್ತರು ಶೇ. 43ರ ಮೇಲೆ, ಮಲಪ್ಪುರದಲ್ಲಿ ಮುಸ್ಲಿಮರು ಶೇ. 70. ಹೀಗೆ ಒಂದೊಂದು ಮೂಲೆ ಒಂದೊಂದು ಥರ ಇರುವ ರಾಜ್ಯಕ್ಕೆ ಸರಾಸರಿ ಹಾಕಿ ಏನು ತಿಳಿಯುತ್ತದೋ ನನಗಂತೂ ಗೊತ್ತಿಲ್ಲ.

ಶಾಲೆಯಲ್ಲಿ ನಾವು ಕಲಿತ ಕೇರಳದ ಧರ್ಮಗಳ ಕತೆ ಹೀಗಿತ್ತು. ಕ್ರಿ.ಶ. 52ರಲ್ಲಿ ಸಂತ ತೋಮಸರು ಬಂದರು ಎಂಬ ನಂಬಿಕೆ. 849ರಲ್ಲಿ ಕೊಲ್ಲಂನ ತರಿಸಾಪ್ಪಳ್ಳಿ ಎಂಬ ಇಗರ್ಜಿಗೆ ಕೊಟ್ಟ ತಾಮ್ರಶಾಸನ. ಕೊಡುಂಗಲ್ಲೂರಿನ ಚೇರಮಾನ್ ಮಸೀದಿ. ಪೋರ್ಚುಗೀಸರ ಕೈಕೆಳಗೆ ಇರಲೊಲ್ಲೆವೆಂದು 1653ರಲ್ಲಿ ಸುರಿಯಾನಿ ಕ್ರೈಸ್ತರು ಮಟ್ಟಾಂಚೇರಿಯಲ್ಲಿ ಮಾಡಿದ ಆಣೆ. 1936ರಲ್ಲಿ ತಿರುವಾಂಕೂರಿನ ಮಹಾರಾಜರು ಎಲ್ಲ ಜಾತಿಯವರಿಗೂ ದೇವಸ್ಥಾನದ ಬಾಗಿಲು ತೆರೆಸಿದ್ದು. ಒಳ್ಳೆಯ ಕತೆಯೇ. ಆದರೆ ಅದು ನಮ್ಮ ಅಜ್ಜಂದಿರ ಕತೆ ಅಲ್ಲ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯವರು. ನಮ್ಮ ಕಡೆ ದೇವಸ್ಥಾನ ಪ್ರವೇಶದ ಕಾಯ್ದೆ ಬಂದದ್ದು 1947ರಲ್ಲಿ, ಮದ್ರಾಸಿನಿಂದ. ಅಷ್ಟೇಕೆ, ತಿರುವಾಂಕೂರಿನಲ್ಲೇ ಹುಟ್ಟಿದ ನಾರಾಯಣ ಗುರುಗಳು ನಮ್ಮ ಬಿಲ್ಲವರಿಗೆ ಹತ್ತಿರವಾದದ್ದು 1912ರಲ್ಲಿ ಅವರು ಪ್ರತಿಷ್ಠೆ ಮಾಡಿದ ಮಂಗಳೂರಿನ ಕುದ್ರೋಳಿ ದೇವಸ್ಥಾನದ ಮೂಲಕ.

ಆ ಶೇ. 6.68ರೊಳಗೆ ಇಣುಕಿದರೆ ಎರಡು ಬೇರೆ ಬೇರೆ ಲೋಕಗಳಿವೆ. ಪೂರ್ವದ ಗುಡ್ಡದ ಕಡೆ ಇರುವವರು ತಿರುವಾಂಕೂರಿನಿಂದ ಬಂದು ಕಾಡು ಕಡಿದು ರಬ್ಬರ್ ಹಾಕಿದವರು. ರಾಜಪುರಂಗೆ ಕೋಟ್ಟಯಂ ಕಡೆಯವರು ಬಂದು ನೆಲೆಯೂರಿದ್ದು 1943ರಲ್ಲಿ. ಮಂಜೇಶ್ವರ, ಕಯ್ಯಾರು, ಬೇಳದ ಕೊಂಕಣಿ ಕ್ರೈಸ್ತರ ಹಿರಿಯರು ಅದಕ್ಕೂ ಎಷ್ಟೋ ಮೊದಲು ಗೋವಾದಿಂದ ಇಳಿದವರು. ಒಬ್ಬರದು ಮಲಯಾಳದ ಪ್ರಾರ್ಥನೆ, ಇನ್ನೊಬ್ಬರದು ಕೊಂಕಣಿಯದು. ಸರ್ಕಾರದ ಲೆಕ್ಕದಲ್ಲಿ ಇಬ್ಬರೂ ಒಂದೇ ಸಾಲು.

ಬೇಳದ ಇಗರ್ಜಿ 1890ರದ್ದು. ಚಿಕ್ಕಂದಿನಲ್ಲಿ ಸೆಪ್ಟೆಂಬರ್ 8 ಅಂದರೆ ನನಗೆ ಪಕ್ಕದ ಮನೆಯ ಬಾಯಮ್ಮನ ಮೋಂತಿ ಹಬ್ಬದ ಊಟ. ಮೋಂತಿ ಅಂದರೆ ಕೊಂಕಣಿ ಕ್ರೈಸ್ತರ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಅದೇ. ಮೀನು ಮಾಂಸ ಯಾವುದೂ ಇಲ್ಲ. ಬಾಳೆಲೆ, ಅದರ ತುಂಬ ತರಕಾರಿ ಪಲ್ಯಗಳು, ಹರಿವೆ, ಬೆಂಡೆ, ಕೆಸುವಿನ ದಂಟು. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಭತ್ತದ ತೆನೆಯನ್ನು ಬಾಯಮ್ಮ ಉಗುರಿನಿಂದ ಸುಲಿದು, ನಾಲ್ಕೇ ನಾಲ್ಕು ಕಾಳು ಪಾಯಸಕ್ಕೆ ಹಾಕುತ್ತಿದ್ದರು. ಆಮೇಲೆ ಕೆಲವೇ ದಿನಕ್ಕೆ ನಮ್ಮ ಮನೆಯಲ್ಲಿ ಕುರಲ್ ಕಟ್ಟುವ ದಿನ. ಅಪ್ಪ ಅದೇ ಬೈಲಿನ ಗದ್ದೆಯ ತೆನೆಯನ್ನು ಮಾವಿನೆಲೆ, ಹಲಸಿನೆಲೆ ಸೇರಿಸಿ ನಾರಿನಲ್ಲಿ ಸುತ್ತಿ ಕಂಬಕ್ಕೆ ಕಟ್ಟುತ್ತಿದ್ದರು. ನನ್ನ ಕಣ್ಣಿಗೆ ಅದು ಒಂದೇ ಹಬ್ಬ, ಎರಡು ಸಲ ಬರುತ್ತದೆ, ಅಷ್ಟೆ. ಎರಡು ಸಲ ಪಾಯಸ ಸಿಗುವ ಹುಡುಗನಿಗೆ ತಕರಾರು ಏನಿರುತ್ತದೆ?

ಮುಸ್ಲಿಮರದ್ದೂ ಹಾಗೇ. ತಳಂಗರೆಯ ಮಾಲಿಕ್ ದೀನಾರ್ ಮಸೀದಿ ಹಿಜರಿ 22ರದ್ದು ಎಂದು ಅಲ್ಲಿನವರ ನಂಬಿಕೆ. ಅದೇ ತಳಂಗರೆಯ ಹೆಂಗಸರು ಕೈಯಲ್ಲಿ ಕಸೂತಿ ಹಾಕಿದ ಟೊಪ್ಪಿಗಳು ಗಲ್ಫಿಗೂ ಆಫ್ರಿಕಾಕ್ಕೂ ಹೋಗುತ್ತಿದ್ದವು. ಪೇಟೆಯಿಂದ ದಕ್ಷಿಣಕ್ಕೆ ಮಾಪಿಳ್ಳೆ ಮಲಯಾಳ, ಮಂಜೇಶ್ವರದ ಕಡೆ ಬ್ಯಾರಿ, ಉಪ್ಪಳದಲ್ಲಿ ಉರ್ದು ಮಾತಾಡುವ ಹನಫಿ ಪಂಥದವರು. ಹಿಂದೂಗಳನ್ನು ಎಣಿಸಲು ಹೊರಟರೆ ತುಳು, ಹವ್ಯಕ, ಕೊಂಕಣಿ, ಮರಾಟಿ, ಮಲಯಾಳ, ಕೊರಗರ ಮಾತು... ಸಂಪಾದಕೀಯಕ್ಕೆ ಕೊಟ್ಟ ಜಾಗ ಸಾಲುವುದಿಲ್ಲ. ಬಂಗ್ರಮಂಜೇಶ್ವರದಲ್ಲಿ ಜೈನ ಬಸದಿಗಳಿವೆ. ಜೈನರ ಮನೆ ಸಿಗುವುದು ಮಾತ್ರ ಅಪರೂಪ.

ಲೆಕ್ಕದವರಿಗೆ ತಲೆನೋವು ತರುವ ಇನ್ನೊಂದು ಇದೆ. ಕುಂಬಳೆಯ ಆರಿಕ್ಕಾಡಿ ಪಾರೆ ಸ್ಥಾನದಲ್ಲಿ ಆಲಿ ಭೂತ ಕಟ್ಟುತ್ತಾರೆ. ಭೂತ ಅಂದರೆ ನಮ್ಮ ಕಡೆ ವೇಷ ಕಟ್ಟಿ ಆರಾಧಿಸುವ ದೈವ. ಹೆಸರೇ ಹೇಳುವ ಹಾಗೆ ಮುಸ್ಲಿಂ ಭೂತ. ಬದುಕಿದ್ದಾಗ ಆಲಿ ಮಾಟಗಾರ, ಹೆಣ್ಣುಮಕ್ಕಳಿಗೆ ಕಾಟ ಕೊಡುತ್ತಿದ್ದ, ದೈವ ಅವನನ್ನು ಕೆರೆಯಲ್ಲಿ ಮುಗಿಸಿತು ಎಂಬುದು ಕತೆ. ಸತ್ತ ಮೇಲೆ ಅವನೂ ಭೂತವಾದ. ನೋಡಲು, ಹರಕೆ ಹೇಳಲು ಎರಡೂ ಕಡೆಯವರು ಬರುತ್ತಾರೆ. ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಜಾತ್ರೆಗೆ ಮುಂಚೆ ಒಂದು ಶುಕ್ರವಾರ ದೈವ ಮೈಮೇಲೆ ಬರುವ ಪಾತ್ರಿಗಳೇ ಮಸೀದಿಗೆ ನಡೆದುಹೋಗಿ ಜಮಾತಿನವರಿಗೆ ಹೇಳಿಕೆ ಕೊಟ್ಟು ಬರುತ್ತಾರೆ. ಜಮಾತಿನವರು ಅಂಗಳದಲ್ಲಿ ಎದುರುಗೊಳ್ಳುತ್ತಾರೆ. ನಮ್ಮ ಊರಿನವರಿಗೆ ಇದರಲ್ಲಿ ವಿಶೇಷ ಏನೂ ಕಾಣುವುದಿಲ್ಲ. ಮದುವೆ ಕಾಗದ ಕೊಡಲು ನೆಂಟರ ಮನೆಗೆ ಹೋಗುವುದಿಲ್ವಾ, ಹಾಗೆ.

ಎಲ್ಲ ಹಾಲು ಸಕ್ಕರೆ ಅಂತ ಹೇಳುತ್ತಿಲ್ಲ. ಕಾಸರಗೋಡು ಪೇಟೆಯಲ್ಲಿ ಕಲ್ಲು ಬಿದ್ದದ್ದು, ಮಧ್ಯಾಹ್ನವೇ ಅಂಗಡಿ ಬಾಗಿಲು ಎಳೆದದ್ದು, ಬಸ್ಸಿಲ್ಲದೆ ನಡೆದು ಮನೆ ಸೇರಿದ್ದು ನನಗೂ ನೆನಪಿದೆ. ಈಗ ಊರಿಗೆ ಹೋದರೆ ಮದುವೆ ಊಟಕ್ಕೆ ಕೂರುವ ಸಾಲುಗಳೂ ಬೇರೆಯಾದ ಹಾಗೆ ಕಾಣುತ್ತದೆ. ಹೇಳದೆ ಮುಚ್ಚಿಡುವಂಥದ್ದಲ್ಲ.

ಇಷ್ಟೆಲ್ಲ ಮನೆಗಳಿಂದ ಹೊರಟ ಮಕ್ಕಳು ಒಂದೇ ಬೆಂಚಿನಲ್ಲಿ ಕೂತದ್ದು ಕನ್ನಡ ಶಾಲೆಯಲ್ಲಿ. ಮಂಜೇಶ್ವರ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಅವರು ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಬರೆದರು, ಬುದ್ಧನ ಕೊನೆಗಾಲದ ಮೇಲೆ ‘ವೈಶಾಖಿ’ ಬರೆದರು. ಎರಡೂ ಕನ್ನಡದಲ್ಲಿ. 1936ರಲ್ಲಿ ಕಾಸರಗೋಡಿನ ಮುಸ್ಲಿಂ ಮನೆಯಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಕಲಿತದ್ದು ಕನ್ನಡ ಶಾಲೆಯಲ್ಲಿ, ತಮ್ಮ ಓಣಿಯ ಹೆಂಗಸರ ಕಷ್ಟ ಹೇಳಿದ್ದೂ ಕನ್ನಡದಲ್ಲೇ. ಮನೆಮಾತು ನೋಡಿ ಜನ ಸೇರಿಸುವುದಾದರೆ ನಮ್ಮ ಸಂಘದಲ್ಲಿ ಇವರಿಬ್ಬರಿಗೂ ಜಾಗ ಇಲ್ಲ.

ಅರ್ಜಿ ಹಾಕಿದ ಹೆಣ್ಣುಮಗಳಿಗೆ ನಾನೇ ಫೋನ್ ಮಾಡಿದೆ. ಸುಮ್ನೆ ವಿವರ ಕೇಳಲು ಅಂದೆ. ಆಕೆ ಜಾಣೆ, ಫೋನ್ ಯಾಕೆ ಬಂತೆಂದು ಗೊತ್ತಾಗಿತ್ತು. “ನೀವು ಮನೆಮಾತು ಅಂತ ಕೇಳಿದ್ರಿ ಸಾರ್, ಇದ್ದದ್ದನ್ನು ಬರೆದೆ. ಹತ್ತನೇ ಕ್ಲಾಸಿನವರೆಗೆ ನನ್ನದು ಕನ್ನಡ ಮೀಡಿಯಂ. ಮಕ್ಕಳಿಗೆ ಓದಲಿಕ್ಕೆ ಬರುವುದಿಲ್ಲ, ನಿಮ್ಮ ಶನಿವಾರದ ಕ್ಲಾಸಿಗೆ ಸೇರಿಸುವ ಅಂತ.” ಮತ್ತೆ ಸ್ವಲ್ಪ ತಡೆದು ಕೇಳಿದರು: “ನೀವು ಕುಂಬಳೆಯವರಲ್ವಾ? ನೀವು ಎಂತ ಬರೆದಿದ್ರಿ?”

ನೆನಪಿಲ್ಲ ಅಂದೆ. ಮಾರನೇ ದಿನ ಕಚೇರಿಯ ಕಪಾಟಿನಿಂದ ಹಳೆಯ ಫೈಲು ತೆಗೆದೆ. ಹದಿನಾರು ವರ್ಷದ ಹಿಂದಿನ ನನ್ನ ಅರ್ಜಿ, ನೀಲಿ ಶಾಯಿ. ಮನೆಮಾತು: ಕನ್ನಡ.

ಈ ಸಂಚಿಕೆಯ ಕೊನೆಯ ಪುಟದಲ್ಲಿ ಹೊಸ ಅರ್ಜಿ ಇದೆ. ಆ ಕಾಲಂ ತೆಗೆದಿದ್ದೇವೆ. ಶನಿವಾರದ ಕ್ಲಾಸಿಗೆ ಉಪ್ಪಳದ ಇಬ್ಬರು ಮಕ್ಕಳು ಸೇರಿದ್ದಾರೆ, ಚಿಕ್ಕವನಿಗೆ ‘ಳ’ ಬರೆಯುವುದು ಇನ್ನೂ ಕೈಗೆ ಬಂದಿಲ್ಲ.