ಮುಂದೆ 6, ಹಿಂದೆ 9

ದಾವಣಗೆರೆ
ಮಂಗಳವಾರ ರಾತ್ರಿ

ಚಿ. ಪುಟ್ಟಿಗೆ ಅಪ್ಪಾಜಿ ಮಾಡುವ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಅಮ್ಮನ ಮೊಣಕಾಲು ನೋವು ಇದ್ದ ಹಾಗೇ ಇದೆ. ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಭಾನುವಾರ ಎರಡು ಸಲ ಫೋನ್ ಮಾಡಿದ್ದೆ. ಒಂದು ಸಲ ನೀನು ಪೇಂಟರ್ ಜೊತೆ ಜಗಳ ಆಡುತ್ತಿದ್ದೆ. ಇನ್ನೊಂದು ಸಲ ನಿನ್ನ ಕೆಲಸದ ಹುಡುಗಿಯರು ಸುತ್ತ ಇದ್ದರು. ಹೇಳಬೇಕಾದ್ದು ಬಿಟ್ಟು ಇನ್ವರ್ಟರ್ ವಿಷಯ ಮಾತಾಡಿ ಫೋನ್ ಇಟ್ಟೆ. ಅದಕ್ಕೇ ಹಳೆಯ ಅಳತೆ ಪುಸ್ತಕದ ಹಾಳೆ ಹರಿದು ಬರೆಯುತ್ತಿದ್ದೇನೆ. ಹಿಂಬದಿಯಲ್ಲಿ ಯಾರದೋ ಪ್ಯಾಂಟಿನ ಅಳತೆ ಇದೆ, ಅದನ್ನು ಲೆಕ್ಕಕ್ಕೆ ಇಡಬೇಡ.

ಅಂಗಡಿ ಪೂಜೆಗೆ ಕರೆಯೋ ನಿನ್ನ ವಿಡಿಯೊ ನೋಡಿದೆ. ಬೋರ್ಡು ಚೆನ್ನಾಗಿದೆ. ಅಕ್ಷರ ಇನ್ನೂ ಸ್ವಲ್ಪ ದಪ್ಪ ಇರಬೇಕಿತ್ತು. ಅದರಲ್ಲಿ ನೀನು, "ಟೇಪು ಕಟ್ ಮಾಡೋದು ನಮ್ಮ ಅಪ್ಪಾಜಿ. 30 ವರ್ಷ ಕತ್ತರಿ ಹಿಡಿದವರು, ಒಂದು ಸಲವೂ ಅವರ ಕಟಿಂಗ್ ತಪ್ಪಿಲ್ಲ. ತಪ್ಪಿದ್ದು ನನ್ನದು, ಆ ನವಿಲು ಬಣ್ಣದ ಬ್ಲೌಸು" ಅಂತ ಹೇಳಿ ನಕ್ಕಿದ್ದೀಯ. ನಿನ್ನ ಅಮ್ಮ ಓಣಿಯವರಿಗೆಲ್ಲ ತೋರಿಸಿಕೊಂಡು ಬಂದಳು. ನಾನು ಚಪ್ಪಲಿ ಹಾಕಿಕೊಂಡು ಎದ್ದು ಹೋದೆ. ರೈಲ್ವೆ ಗೇಟಿನವರೆಗೂ ನಡೆದಿದ್ದೆ. ಯಾಕೆ ಅಷ್ಟು ದೂರ ಹೋದೆ ಅಂತ ನಿನಗೆ ಹೇಳಬೇಕು. ಹೇಳುತ್ತೇನೆ, ತಡಿ.

ಲಾಕ್‌ಡೌನ್ ಹೊತ್ತಿನಲ್ಲಿ ಮೆಷಿನ್ನಿನ ಹೆಡ್ ಬಿಚ್ಚಿ ಸ್ಕೂಟಿ ಮೇಲೆ ಮನೆಗೆ ತಂದದ್ದು, ಮಾಸ್ಕಿಗೆ ಎಲಾಸ್ಟಿಕ್ ಸಿಗದೆ ಲಾಡಿ ಹಾಕಿ ಕೊಟ್ಟದ್ದು, ಅಡುಗೆಮನೆ ಬಾಗಿಲಿಗೆ ಕಟಿಂಗ್ ಟೇಬಲ್ ಅಡ್ಡ ಆಗಿ ನಿನ್ನ ಅಮ್ಮ ಬಗ್ಗಿ ಬಗ್ಗಿ ಓಡಾಡಿದ್ದು, ಇದೆಲ್ಲ ನಿನಗೂ ಗೊತ್ತು. ಬಿಡು. ನಿನಗೆ ಗೊತ್ತಿಲ್ಲದ್ದು ನನ್ನ ಹೊಟ್ಟೆಯೊಳಗಿನದು.

ನಾನು ಗಂಡಸರ ದರ್ಜಿ. ಲೇಡೀಸ್ ಬಟ್ಟೆ ಹೊಲಿಯುವುದಿಲ್ಲ ಅಂತ ಅಂಗಡಿಯಲ್ಲಿ ಬೋರ್ಡ್ ಹಾಕಿದ್ದವನು. ಅದರಲ್ಲಿ ಸ್ವಲ್ಪ ಜಂಬವೂ ಇತ್ತು. ನಮ್ಮ ವರ್ಷದ ದುಡಿಮೆ ಅಂದರೆ ಮೇ, ಜೂನ್ ತಿಂಗಳ ಯೂನಿಫಾರ್ಮು. 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದಾಗ ಅಂಗಡಿಯಲ್ಲಿ 140 ಜೊತೆ ಯೂನಿಫಾರ್ಮಿನ ಬಟ್ಟೆ ಇತ್ತು. ಮಕ್ಕಳ ಅಳತೆ ಆಗಲೇ ತೆಗೆದಾಗಿತ್ತು. ಸುಮ್ನೆ ಕೂರಲಾರದೆ ಎಲ್ಲ ಹೊಲಿದಿಟ್ಟೆ. ಜೂನ್ ಬಂತು, ಶಾಲೆ ತೆರೆಯಲಿಲ್ಲ. ದೊಡ್ಡ ಮಕ್ಕಳಿಗೆ ಬಾಗಿಲು ತೆರೆದದ್ದು 2021ರ ಜನವರಿ 1ಕ್ಕೆ. ಅಷ್ಟರಲ್ಲಿ ಹುಡುಗರು ಎರಡೆರಡು ಇಂಚು ಬೆಳೆದಿದ್ದರು. ನಾನು ಕಾಲಿನ ಮಡಿಕೆಯೊಳಗೆ ಬಟ್ಟೆ ಜಾಸ್ತಿ ಬಿಟ್ಟಿದ್ದಕ್ಕೆ ಅಷ್ಟಾದರೂ ಬಚಾವಾದೆ. ಮನೆಯಲ್ಲೇ ಕೂತು ಕೆಲಸ ಮಾಡುವವರಿಗೆ ಪ್ಯಾಂಟು ಯಾಕೆ ಬೇಕು? ಮದುವೆಗೆ 50 ಜನ ಅಂದಮೇಲೆ ಸಫಾರಿ ಯಾರು ಹೊಲಿಸುತ್ತಾರೆ? ಮೊದಲ ವರ್ಷ ಸರ್ಕಾರ ಕ್ಷೌರಿಕರಿಗೆ, ಅಗಸರಿಗೆ, ಆಟೊದವರಿಗೆ 5000 ರೂಪಾಯಿ ಅಂತು. ಅದರಲ್ಲಿ ದರ್ಜಿ ಇರಲಿಲ್ಲ. ಎರಡನೇ ವರ್ಷ ನಮಗೂ 2000 ಅಂದರು. ಪಟ್ಟಿಯಲ್ಲಿ ಹೆಸರು ಇಲ್ಲದ್ದಕ್ಕಿಂತ, ಮನೆ ನಡೆಯುತ್ತಿರುವುದು ಮಗಳ ಫೋನಿನಿಂದ ಅನ್ನೋದೇ ನನಗೆ ಜಾಸ್ತಿ ಚುಚ್ಚುತ್ತಿತ್ತು. ಇದನ್ನು ಬರೆಯೋಕೂ ನಾಚಿಕೆ.

ಯಾಕೆಂದರೆ ನಿನ್ನ ಫೋನು ನಿಲ್ಲುತ್ತಲೇ ಇರಲಿಲ್ಲ. ನೈಟಿ, ಚೂಡಿದಾರ, ಬ್ಲೌಸು. ಯಾರ ಮೈಯನ್ನೂ ಮುಟ್ಟಿ ಅಳತೆ ತೆಗೆಯುವ ಹಾಗಿಲ್ಲ. ಗೇಟಿಗೆ ಚೀಲ ನೇತುಹಾಕಿ ಹೋಗುತ್ತಿದ್ದರು, ಒಳಗೆ ಅಳತೆ ಬ್ಲೌಸು, ಹೊಸ ಬಟ್ಟೆ. ಅದನ್ನು ಒಂದು ದಿನ ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ ಆಮೇಲೆ ಮುಟ್ಟುತ್ತಿದ್ದೆವು. ಅಳತೆ ಬ್ಲೌಸು ಇಲ್ಲದವರಿಗೆ ನೀನು ವಿಡಿಯೊ ಕಾಲ್‌ನಲ್ಲಿ ಟೇಪು ಹಿಡಿಯೋದು ಕಲಿಸುತ್ತಿದ್ದೆ. "ಆಂಟಿ, ಉಸಿರು ಬಿಗಿಹಿಡಿಬೇಡಿ, ಆರಾಮಾಗಿ ನಿಂತ್ಕೊಳ್ಳಿ." ನಾನು ಮರೆಯಲ್ಲಿ ಕೂತು ಗುಂಡಿ ಕಾಜ ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಹೆಮ್ಮೆ ಆಗುತ್ತಿತ್ತು. ಒಂದು ಸಲವಾದರೂ ಬಾಯಿಬಿಟ್ಟು ಹೇಳಿದೆನಾ? ಇಲ್ಲ.

ನೀನು ಹಾಕಿದ ಷರತ್ತು ಒಂದೇ. "ಅಪ್ಪಾಜಿ, ಲೇಡೀಸ್ ಕಟಿಂಗ್ ನಾನೇ ಮಾಡ್ತೀನಿ. ನೀವು ಹೊಲಿಗೆ ಮಾತ್ರ ಹಾಕಿ." ನಿನ್ನ ಮಾತು ಸರಿಯಾಗೇ ಇತ್ತು. ಶರ್ಟಿನ ಲೆಕ್ಕ ಬೇರೆ, ಕಟೋರಿ ಬ್ಲೌಸಿನ ಲೆಕ್ಕ ಬೇರೆ. ಆದರೆ 20 ವರ್ಷದ ಹುಡುಗಿ, ಹಳೇ ಪೇಪರಿನ ಮೇಲೆ ಕತ್ತರಿಸಿ ಕಲಿತವಳು, ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡ ಹಾಗಾಯಿತು.

2021, ಮೇ ಮೊದಲ ವಾರ. ಎರಡನೇ ಅಲೆ. ಅಂಗಡಿ ಮುಂಗಟ್ಟು ಬಂದ್. ಅವತ್ತು ರಾತ್ರಿ ಐದು ಬ್ಲೌಸಿನ ಕಟಿಂಗ್ ಇತ್ತು. ನೀನು ನಾಲ್ಕು ಮುಗಿಸಿ ಐದನೆಯದರ ಮೇಲೆ ಕೈ ಇಟ್ಟುಕೊಂಡು ಹಾಗೇ ಟೇಬಲ್ಲಿಗೆ ತಲೆಕೊಟ್ಟು ಮಲಗಿಬಿಟ್ಟಿದ್ದೆ. ನಾನು ನೀರು ಕುಡಿಯಲು ಎದ್ದವನು ನೋಡಿದೆ. ನಿನ್ನ ಕೆನ್ನೆಗೆ ಮಾರ್ಕಿಂಗ್ ಚಾಕಿನ ನೀಲಿ ಹತ್ತಿತ್ತು. ಕೈಯಡಿಯಿಂದ ಬಟ್ಟೆ ಮೆಲ್ಲಗೆ ಎಳೆದೆ. ನವಿಲು ಬಣ್ಣ, ಸಾಸಿವೆ ಬಣ್ಣದ ಅಂಚು. ಸೀರೆಯ ಜೊತೆಗೇ ಬಂದ ಬ್ಲೌಸ್ ಪೀಸು, 80 ಸೆಂಟಿಮೀಟರ್. ಮದುಮಗಳ ತಾಯಿಯದು. ಮೇಲೆ ಪಿನ್ನು ಚುಚ್ಚಿದ ನಿನ್ನ ಚೀಟಿ. 'ಮುಂ. 6, ಹಿಂ. 9.' ಮುಂದಿನ ಕತ್ತು ಆರಿಂಚು, ಹಿಂದಿನ ಕತ್ತು ಒಂಬತ್ತಿಂಚು.

ಕನ್ನಡಕ ಒಳಗಿತ್ತು. ತರಲು ಹೋಗಲಿಲ್ಲ. ಬೆಳಿಗ್ಗೆ ನೀನು ಎದ್ದು ಐದನೆಯದೂ ಆಗಿದೆ ಅಂತ ನೋಡಬೇಕು, ಆಗ ನಾನು ಸುಮ್ನೆ ಟೀ ಕುಡಿಯುತ್ತಾ, "ನಾನೇ ಮಾಡಿದ್ದು" ಅನ್ನಬೇಕು. ಇಷ್ಟೇ ನನ್ನ ಆಸೆ.

ತಿರುಗುಮುರುಗು ಕತ್ತರಿಸಿದೆ. ಮುಂದಕ್ಕೆ ಒಂಬತ್ತು, ಹಿಂದಕ್ಕೆ ಆರು.

ಹೌದು ತಾಯಿ. ಆ ಬ್ಲೌಸು ಹಾಳು ಮಾಡಿದ್ದು ನೀನಲ್ಲ.

ಕಟಿಂಗ್ ಏನೋ ನೀಟಾಗೇ ಇತ್ತು. ದುಂಡನೆಯ ಕತ್ತು, ಒಂದು ಎಳೆ ಅತ್ತಿತ್ತ ಆಗಿರಲಿಲ್ಲ. ಹಿಂದೆ ಬರಬೇಕಾದ್ದು ಮುಂದೆ ಬಂದಿತ್ತು, ಅಷ್ಟೇ. ಮಡಚಿ, ನಿನ್ನ ನಾಲ್ಕರ ಕೆಳಗಿಟ್ಟು ಮಲಗಿದೆ. ಬೆಳಿಗ್ಗೆ ಗೊತ್ತಾದದ್ದು ನಿನ್ನ ಕೂಗಿನಿಂದ. "ಅಯ್ಯೋ ಅಪ್ಪಾಜಿ, ನಿದ್ದೆಗಣ್ಣಲ್ಲಿ ಏನು ಮಾಡಿಬಿಟ್ಟೆ ನೋಡಿ!" ನೀನೇ ಮಾಡಿದ್ದು ಅಂತ ನೀನೇ ಅಂದುಕೊಂಡೆ. ನಾನು ಬಂದು ಬಟ್ಟೆ ಎತ್ತಿ ನೋಡಿದೆ. ಕನ್ನಡಕ ಹಾಕಿಕೊಂಡಿದ್ದೆ ಆವಾಗ.

ಆಮೇಲೆ ನಾನು ಹೇಳಿದ ಮಾತು ನಿನಗೆ ನೆನಪಿರಲಿಕ್ಕಿಲ್ಲ. "ಹೋಗಲಿ ಬಿಡು, ಕಲಿಯೋವಾಗ ಆಗುತ್ತೆ." ಇಷ್ಟು ವರ್ಷದಿಂದ ರಾತ್ರಿ ಎಚ್ಚರವಾದಾಗ ನನಗೆ ಬಟ್ಟೆ ನೆನಪಾಗುವುದಿಲ್ಲ, ಈ ಮಾತು ನೆನಪಾಗುತ್ತದೆ. ನಿನ್ನನ್ನು ಕ್ಷಮಿಸಿದವನ ಹಾಗೆ ಹೇಳಿದೆ. ಸಾಲದು ಅಂತ ಅರ್ಧ ಗಂಟೆ ಪಾಠ ಬೇರೆ. ಕತ್ತರಿ ಹಾಕೋ ಮುಂಚೆ ಎರಡು ಸಲ ಚೀಟಿ ನೋಡಬೇಕು, ನಿದ್ದೆ ಬಂದರೆ ಬಟ್ಟೆ ಮುಟ್ಟಬಾರದು ಅಂತ. ನೀನು ತಲೆ ತಗ್ಗಿಸಿ ಹೂಂ ಹೂಂ ಅನ್ನುತ್ತಿದ್ದೆ.

ಮುಂದೆ ನೆಟ್ ಹಾಕಿ ಸರಿಮಾಡಬಹುದಾ ಅಂತ ನೋಡಿದೆ ನೀನು. ಆ ವಯಸ್ಸಿನವರು ನೆಟ್ ಎಲ್ಲಿ ಹಾಕುತ್ತಾರೆ? ಬೇರೆ ಬಟ್ಟೆ ತರೋಣ ಅಂದರೆ ಚೌಕಿಪೇಟೆಯ ಅಂಗಡಿಗಳೆಲ್ಲ ಬಂದ್. ಕೊನೆಗೆ ನೀನೇ ಫೋನ್ ಮಾಡಿದೆ. ಆ ಹೆಂಗಸು 20 ನಿಮಿಷ ಬೈದರು. "ಮನೆಯಲ್ಲಿ ಕೂತು ಆಟ ಆಡೋರಿಗೆ ಬಟ್ಟೆ ಕೊಟ್ಟಿದ್ದು ನಮ್ಮ ತಪ್ಪು" ಅಂದದ್ದು ಅಡುಗೆಮನೆಗೂ ಕೇಳಿಸಿತು. ನೀನು, "ನನ್ನದೇ ತಪ್ಪು ಆಂಟಿ" ಅನ್ನುತ್ತಲೇ ಇದ್ದೆ. ಅಷ್ಟು ಸಲ ಹೇಳಿದೆ, ನಾನು ಒಂದು ಸಲ ಬಾಯಿ ತೆಗೆದಿದ್ದರೆ ಸಾಕಿತ್ತು. ಬಟ್ಟೆಗೆ ಅಂತ ನೀನು 1500 ರೂಪಾಯಿ ಕಳಿಸಿದೆ. ಆ ವಾರ ಮನೆಗೆ ಬಂದ ದುಡ್ಡೆಲ್ಲ ಅದೇ.

ಮೊದಲು ಜಂಬದಿಂದ ಹೇಳಲಿಲ್ಲ. ಆಮೇಲೆ ಭಯದಿಂದ. ಆಗಸ್ಟಿನಲ್ಲಿ ಬಾಡಿಗೆ ಕಟ್ಟಲಾಗದೆ ಅಂಗಡಿ ಬಿಟ್ಟುಕೊಟ್ಟೆವಲ್ಲ, ಆಗ ನನಗೆ ಇದ್ದ ಜಾಗ ಅಂದರೆ ನಿನ್ನ ಟೇಬಲ್ಲಿನ ಒಂದು ತುದಿ. ಅದೂ ಹೋದರೆ? ಈ ಮಾತನ್ನು ನೀನು ಅರ್ಥ ಮಾಡಿಕೊಳ್ಳಬೇಕು ಅಂತಿಲ್ಲ. ಇದ್ದದ್ದನ್ನು ಬರೆದೆ.

ನಿನ್ನ ಅಮ್ಮನಿಗೆ ಗೊತ್ತು ಅನ್ನಿಸುತ್ತದೆ. ಅವತ್ತು ರಾತ್ರಿ ದೀಪ ಹಾಕಿದ್ದು ಅವಳು ನೋಡಿರಬೇಕು. ಒಂದು ಮಾತು ಕೇಳಲಿಲ್ಲ. ಹುಕ್ಸ್ ಹಾಕುತ್ತಾ ಕೂತಿದ್ದವಳು ಒಂದು ದಿನ, "ಕನ್ನಡಕದ ನಂಬರ್ ಬದಲಾಯಿಸಿಕೊಳ್ಳಿ" ಅಂದಳು. ನಾನು ಯಾಕೆ ಅಂತ ಕೇಳಲಿಲ್ಲ.

ಆಮೇಲೆ ನೀನು ಚೀಟಿಯ ಪದ್ಧತಿಯನ್ನೇ ಬದಲಾಯಿಸಿದೆ. ಮುಂದಿನ ತುಂಡಿಗೆ ಹಳದಿ ಚೀಟಿ, ಹಿಂದಿನದಕ್ಕೆ ಬಿಳಿ. ಈಗ ಬೆಂಗಳೂರಿನಲ್ಲಿ ನಿನ್ನ ಹುಡುಗಿಯರಿಗೂ ಅದನ್ನೇ ಕಲಿಸಿದ್ದೀಯಂತೆ. ನನ್ನ ತಪ್ಪಿಗೆ ನೀನು ಮಾಡಿಕೊಂಡ ಚೀಟಿ ಅದು. ಚೆನ್ನಾಗಿದೆ, ಬಿಡಬೇಡ.

ಹುಡುಗಿಯರು ಅಂದೆನಲ್ಲ, ಒಂದು ಮಾತು. ಅವರು ಬಟ್ಟೆ ಕೆಡಿಸಿದರೆ ಗಿರಾಕಿ ಮುಂದೆ ಬೈಯಬೇಡ. ಒಳಗೆ ಕರೆದು ಹೇಳು. ಸಂಬಳ ತಡ ಮಾಡಬೇಡ, ನಿನ್ನ ಮನೆಗೆ ಅಕ್ಕಿ ತರೋ ಮುಂಚೆ ಅವರದು ಕೊಡು. ಒಳಗೆ ಒಂದಿಂಚು ಬಟ್ಟೆ ಬಿಟ್ಟೇ ಹೊಲಿ, ಫಿಟಿಂಗ್ ಅಂತ ಕತ್ತರಿಸಿ ಬಿಸಾಡಬೇಡ, ಮೈ ಇವತ್ತಿದ್ದ ಹಾಗೆ ಮುಂದಿನ ವರ್ಷ ಇರಲ್ಲ. ಉಳಿದ ತುಂಡು ಬಟ್ಟೆ ಕವರಿಗೆ ಹಾಕಿ ವಾಪಸ್ ಕೊಡು. ದೀಪಾವಳಿಗೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಆಗಲ್ಲ ಅನ್ನಿಸಿದರೆ ಆಗಲ್ಲ ಅಂತ ಮೊದಲೇ ಹೇಳು. ಅರ್ಧ ಅಡ್ವಾನ್ಸ್ ಇಲ್ಲದೆ ಕತ್ತರಿ ಹಾಕಬೇಡ. ಉದ್ರಿ ಕೊಡಬೇಡ. ಮುದ್ರಾ ಸಾಲದ ಕಂತು ಒಂದು ತಿಂಗಳೂ ತಪ್ಪಬಾರದು, ಹೊಸ ಓವರ್‌ಲಾಕ್ ಮೆಷಿನ್ ಆಮೇಲೆ ತಗೊಂಡರಾಯಿತು. ಉದ್ಯಮ್ ನೋಂದಣಿ ಮಾಡಿಸಿಕೊಡ್ತೀನಿ, 500 ಕೊಡಿ ಅಂತ ಯಾರೋ ಬಂದಾಗ, "ಅದು ಪುಕ್ಕಟೆ" ಅಂತ ಫೋನಿನಲ್ಲೇ ಮಾಡಿಕೊಂಡವಳು ನೀನು. ನಿನಗೆ ನಾನು ದುಡ್ಡಿನ ಬುದ್ಧಿ ಹೇಳುತ್ತಿದ್ದೇನೆ, ನೋಡು. ಗೇಟಿನ ಹತ್ತಿರ ಗಿರಾಕಿಗಳ ಮುಖ ನೋಡಿ ನಿನ್ನ 350 ರೂಪಾಯಿ ಮಜೂರಿಯನ್ನು 300 ಮಾಡುತ್ತಿದ್ದವನು ನಾನೇ. ಅದು ನಿನಗೆ ಆಗಲೇ ಗೊತ್ತಾಗಿ ಎರಡು ದಿನ ಮಾತು ಬಿಟ್ಟಿದ್ದೆ. ಅದರ ಲೆಕ್ಕ ಚುಕ್ತಾ ಆಗಿದೆ, ಅಲ್ವಾ?

ಹೇಳೋಕೆ ಬಂದದ್ದು ಒಂದು, ಪಾಠ ಮತ್ತೆ ಶುರುವಾಯಿತು. ಅಭ್ಯಾಸ.

ಈ ಕಾಗದವನ್ನು ಬಸ್ಸಿನ ಪಾರ್ಸೆಲ್ ಡಬ್ಬಿಯಲ್ಲೇ ಇಟ್ಟಿದ್ದೇನೆ. ಹುಕ್ಸ್ ಪೊಟ್ಟಣ, ಲೈನಿಂಗ್ ಬಟ್ಟೆ, ನಿನ್ನ ಅಮ್ಮ ಮಾಡಿದ ಖಾರ ಮಂಡಕ್ಕಿ ಇದೆ. ಹುಕ್ಸ್ ಕೆಳಗೆ ಒಂದು ಕವರಿನಲ್ಲಿ 1500 ರೂಪಾಯಿ ಇದೆ. ಬಡ್ಡಿ ಹಾಕಿಲ್ಲ. ವಾಪಸ್ ಕಳಿಸಬೇಡ.

ಶುಕ್ರವಾರದ ಟೇಪು ನಿನ್ನ ಅಮ್ಮ ಕಟ್ ಮಾಡಲಿ. ಅವಳು ಹಾಕಿದ ಹುಕ್ಸ್ ಒಂದೂ ಕಿತ್ತು ಬಂದಿಲ್ಲ. ಇಲ್ಲ, ನೀವೇ ಮಾಡಿ ಅಂತ ಇದನ್ನು ಓದಿದ ಮೇಲೂ ನಿನಗೆ ಅನ್ನಿಸಿದರೆ ಮಾಡುತ್ತೇನೆ. ಆದರೆ ಆ ವಿಡಿಯೊದ ಮಾತು ತೆಗೆದುಬಿಡು. ತೆಗೆಯೋಕೆ ಆಗಲ್ಲ ಅಂದರೆ ಅವತ್ತು ಎಲ್ಲರ ಮುಂದೆ ನಾನೇ ಹೇಳುತ್ತೇನೆ. ಯಾವುದು ಅಂತ ನೀನೇ ಹೇಳು.

ಸಿಟ್ಟು ಬಂದರೆ ನನಗೇ ಫೋನ್ ಮಾಡಿ ಬೈಯಿ. ಅಮ್ಮನ ಕೈಗೆ ಕೊಡಿ ಅನ್ನಬೇಡ. ನಾವು ಗುರುವಾರ ರಾತ್ರಿ ಬಸ್ಸಿಗೆ ಹೊರಡುತ್ತೇವೆ, ಬೆಳಿಗ್ಗೆ ಐದಕ್ಕೆಲ್ಲ ಅಲ್ಲಿ ಇರುತ್ತೇವೆ. ಕರೆಯೋಕೆ ಅಷ್ಟೊತ್ತಿಗೆ ಒಬ್ಬಳೇ ಬರಬೇಡ, ಆಟೊ ಮಾಡಿಕೊಂಡು ಬರುತ್ತೇವೆ.

ಇಸ್ತ್ರಿ ಪೆಟ್ಟಿಗೆಗೆ ಮೂರು ಪಿನ್ನಿನ ಪ್ಲಗ್ ಹಾಕಿಸು ಅಂದಿದ್ದೆ. ಹಾಕಿಸಿದೆಯಾ?

ಇಂತಿ,
ಅಪ್ಪಾಜಿ